ಮಧುಮೇಹವಿರುವ ಬೆಕ್ಕಿಗೆ ಇನ್ಸುಲಿನ್: ಹೊತ್ತಿನ ನಿಯಮ

ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆ ಇರುವುದು ಇಂದು ಯಾರಿಗೂ ಹೊಸ ಸಂಗತಿಯಲ್ಲ. ಊಟಕ್ಕೆ ಮುನ್ನ ಮಾತ್ರೆ ನುಂಗುವವರು, ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು ಪ್ರತಿ ಬೀದಿಯಲ್ಲಿಯೂ ಇದ್ದಾರೆ. ಆದರೆ ಅದೇ ಮನೆಯ ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಮಲಗಿರುವ ಬೆಕ್ಕಿಗೂ ಅದೇ ಕಾಯಿಲೆ ಬರಬಹುದೆಂಬುದು ಬಹಳ ಜನರಿಗೆ ತಿಳಿದಿಲ್ಲ. ತಿಳಿದವರಲ್ಲಿಯೂ ಕೆಲವರು "ಬೆಕ್ಕಿಗೂ ಇನ್ಸುಲಿನ್ನೇ?" ಎಂದು ನಕ್ಕು ಸುಮ್ಮನಾಗುವುದುಂಟು. ಹಾಗೆ ಸುಮ್ಮನಾದ ಮನೆಗಳಲ್ಲಿ ಆ ಮೂಕ ಜೀವ ನೀರು ಕುಡಿಯುತ್ತ, ಸೊರಗುತ್ತ, ಕೆಲವು ತಿಂಗಳುಗಳಲ್ಲಿ ಕಣ್ಮುಚ್ಚುತ್ತದೆ. ಸರಿಯಾದ ಚಿಕಿತ್ಸೆ ದೊರೆತ ಬೆಕ್ಕಾದರೋ ವರ್ಷಗಟ್ಟಲೆ ನೆಮ್ಮದಿಯಿಂದ ಬಾಳಬಲ್ಲದು.

ಈ ಚಿಕಿತ್ಸೆಯಲ್ಲಿ ಔಷಧದಷ್ಟೇ ಮುಖ್ಯವಾದುದು ಔಷಧ ಕೊಡುವ ಹೊತ್ತು. ಇನ್ಸುಲಿನ್ ಎಷ್ಟು ಕೊಡಬೇಕೆಂಬುದನ್ನು ಪಶುವೈದ್ಯರು ನಿರ್ಧರಿಸುತ್ತಾರೆ. ಅದನ್ನು ದಿನಕ್ಕೆ ಎರಡು ಬಾರಿ, ತಪ್ಪದೆ, ಗೊತ್ತಾದ ಹೊತ್ತಿಗೆ ಕೊಡುವ ಹೊಣೆ ಮನೆಯವರದು. ಆ ಹೊಣೆಯನ್ನು ಅರಿತು ನಿರ್ವಹಿಸಲು ನೆರವಾಗುವುದು ಈ ಲೇಖನದ ಉದ್ದೇಶ.

ರೋಗದ ಸ್ವರೂಪ

ಉಂಡ ಆಹಾರದಿಂದ ದೊರೆಯುವ ಸಕ್ಕರೆಯ ಅಂಶ ರಕ್ತದಲ್ಲಿ ಹರಿಯುತ್ತದೆ. ಅದು ಜೀವಕೋಶಗಳೊಳಗೆ ಪ್ರವೇಶಿಸಲು ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್ ಬೇಕು. ಬೆಕ್ಕುಗಳಲ್ಲಿ ಕಾಣುವ ಮಧುಮೇಹವು ಬಹುಮಟ್ಟಿಗೆ ಮನುಷ್ಯರ ಎರಡನೆಯ ಬಗೆಯ ಮಧುಮೇಹವನ್ನು ಹೋಲುತ್ತದೆ. ಮೊದಲು ದೇಹವು ಇನ್ಸುಲಿನ್ನಿಗೆ ಓಗೊಡುವುದು ಕಡಿಮೆಯಾಗುತ್ತದೆ. ಬಳಿಕ ಗ್ರಂಥಿಯೇ ದಣಿದು ಇನ್ಸುಲಿನ್ ಸ್ರವಿಸುವುದೂ ಕುಗ್ಗುತ್ತದೆ. ಆಗ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಜೀವಕೋಶಗಳು ಹಸಿದೇ ಇರುತ್ತವೆ.

ಮಧ್ಯವಯಸ್ಸು ದಾಟಿದ, ಮೈ ಬೆಳೆದ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ಮನೆಯೊಳಗೇ ಇದ್ದು ಓಡಾಟ ಕಡಿಮೆಯಾದ ಗಂಡುಬೆಕ್ಕುಗಳಲ್ಲಿ ಈ ರೋಗ ಹೆಚ್ಚು. ಕಜ್ಜಿ, ಅಲರ್ಜಿ ಮೊದಲಾದ ತೊಂದರೆಗಳಿಗೆ ಸ್ಟೀರಾಯ್ಡ್ ಔಷಧವನ್ನು ದೀರ್ಘಕಾಲ ಪಡೆದ ಬೆಕ್ಕುಗಳಿಗೂ ಇದು ತಗಲಬಹುದು. ಆದುದರಿಂದ ಹಿಂದೆ ಕೊಡಿಸಿದ ಔಷಧಗಳ ವಿವರವನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು.

ಲಕ್ಷಣಗಳು ಸ್ಪಷ್ಟವಾಗಿಯೇ ಇರುತ್ತವೆ. ಬೆಕ್ಕು ಪದೇಪದೇ ನೀರು ಕುಡಿಯುತ್ತದೆ, ಹೆಚ್ಚು ಮೂತ್ರ ಮಾಡುತ್ತದೆ. ಹಸಿವು ಹೆಚ್ಚಿದ್ದರೂ ತೂಕ ಇಳಿಯುತ್ತದೆ. ಮೈಗೂದಲು ಕಾಂತಿಗೆಡುತ್ತದೆ. ರೋಗ ಮುಂದುವರಿದಾಗ ನರಗಳು ದುರ್ಬಲವಾಗಿ, ಬೆರಳಿನ ಮೇಲೆ ನಡೆಯಬೇಕಾದ ಬೆಕ್ಕು ಹಿಂಗಾಲಿನ ಹಿಮ್ಮಡಿಯನ್ನೇ ನೆಲಕ್ಕೆ ಊರಿ ನಡೆಯತೊಡಗುತ್ತದೆ. ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು.

ಒಂದು ಎಚ್ಚರಿಕೆಯ ಮಾತಿದೆ. ಹೆದರಿದ ಬೆಕ್ಕಿನ ರಕ್ತದಲ್ಲಿ, ರೋಗವಿಲ್ಲದಿದ್ದರೂ, ಸಕ್ಕರೆ ತಾತ್ಕಾಲಿಕವಾಗಿ ಏರುತ್ತದೆ. ಬುಟ್ಟಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದ ಗಾಬರಿಯೇ ಇದಕ್ಕೆ ಸಾಕು. ಆದಕಾರಣ ವೈದ್ಯರು ಒಂದೇ ಪರೀಕ್ಷೆಯನ್ನು ನಂಬದೆ, ಮೂತ್ರ ಪರೀಕ್ಷೆಯನ್ನೂ, ಹಿಂದಿನ ಒಂದೆರಡು ವಾರಗಳ ಸಕ್ಕರೆಯ ಮಟ್ಟವನ್ನು ತಿಳಿಸುವ ಫ್ರಕ್ಟೋಸಮೈನ್ ಎಂಬ ಪರೀಕ್ಷೆಯನ್ನೂ ಮಾಡಿಸಬಹುದು. ಬೆಂಗಳೂರಿನ ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯಗಳಿವೆ. ಸಮೀಪದ ಪಶುವೈದ್ಯರು ಸೂಚಿಸಿದರೆ ಹೆಚ್ಚಿನ ತಪಾಸಣೆಗೆ ಅಲ್ಲಿಗೂ ಹೋಗಬಹುದು.

ಇನ್ಸುಲಿನ್ ಬಂದ ಬಗೆ

1889ರಲ್ಲಿ ಮಿಂಕೋವ್‌ಸ್ಕಿ ಹಾಗೂ ಫಾನ್ ಮೇರಿಂಗ್ ಎಂಬ ವಿಜ್ಞಾನಿಗಳು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದರೆ ಅದಕ್ಕೆ ಮಧುಮೇಹ ಬರುತ್ತದೆಂದು ಕಂಡುಕೊಂಡರು. 1921ರಲ್ಲಿ ಕೆನಡಾದ ಟೊರೊಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಗ್ರಂಥಿಯ ಸಾರವನ್ನು ಮಧುಮೇಹಿ ನಾಯಿಗಳಿಗೆ ಕೊಟ್ಟು ಅದರ ಗುಣವನ್ನು ಕಂಡರು. 1922ರ ಜನವರಿಯಲ್ಲಿ ಮೊದಲ ಬಾರಿಗೆ ಒಬ್ಬ ಬಾಲಕನಿಗೆ ಅದನ್ನು ಚುಚ್ಚಲಾಯಿತು. ಇಂದು ಕೋಟ್ಯಂತರ ಮನುಷ್ಯರನ್ನು ಬದುಕಿಸುತ್ತಿರುವ ಈ ಔಷಧ ಪ್ರಾಣಿಗಳು ತೆತ್ತ ಬೆಲೆಯಿಂದ ನಮಗೆ ದೊರೆತದ್ದು. ಅದೇ ಔಷಧವನ್ನು ಪ್ರಾಣಿಯೊಂದಕ್ಕೆ ಕೊಡುವುದು ಆ ಋಣದ ಅಲ್ಪಸ್ವಲ್ಪ ಮರುಪಾವತಿ ಎನ್ನಬಹುದು.

ಬೆಕ್ಕುಗಳಿಗೆ ಸಾಮಾನ್ಯವಾಗಿ ಬಳಸುವ ಗ್ಲಾರ್ಜಿನ್ ಎಂಬ ಇನ್ಸುಲಿನ್ ಸೂಕ್ಷ್ಮಜೀವಿಗಳ ನೆರವಿನಿಂದ ತಯಾರಾಗುತ್ತದೆ. ಹಂದಿಯ ಗ್ರಂಥಿಯಿಂದ ಪಡೆದ, ಪ್ರಾಣಿಗಳಿಗೆಂದೇ ಮೀಸಲಾದ ಇನ್ಸುಲಿನ್ ಕೂಡ ಇದೆ. ಈ ವಿಷಯದಲ್ಲಿ ಸಂಕೋಚವಿರುವವರು ವೈದ್ಯರನ್ನು ಮೊದಲೇ ಕೇಳಿ ತಿಳಿದುಕೊಳ್ಳಬಹುದು.

ಹನ್ನೆರಡು ಗಂಟೆಯ ಲೆಕ್ಕ

ಬೆಕ್ಕಿನ ದೇಹವು ಇನ್ಸುಲಿನ್ನನ್ನು ಬೇಗ ಕರಗಿಸಿಬಿಡುತ್ತದೆ. ಮನುಷ್ಯರಲ್ಲಿ ಇಡೀ ದಿನ ಕೆಲಸ ಮಾಡುವ ಔಷಧವೂ ಬಹಳಷ್ಟು ಬೆಕ್ಕುಗಳಲ್ಲಿ ಸುಮಾರು ಅರ್ಧ ದಿನವಷ್ಟೇ ನಿಲ್ಲುತ್ತದೆ. ಹೀಗಾಗಿ ದಿನಕ್ಕೆ ಎರಡು ಚುಚ್ಚುಮದ್ದು, ನಡುವೆ 12 ಗಂಟೆಗಳ ಅಂತರ ಎಂಬ ನಿಯಮ ರೂಢಿಯಾಗಿದೆ.

ಚುಚ್ಚಿದ ಔಷಧ ಒಡನೆಯೇ ಪೂರ್ತಿ ಕೆಲಸಕ್ಕೆ ತೊಡಗುವುದಿಲ್ಲ. ಅದು ಚರ್ಮದಡಿಯಿಂದ ಮೆಲ್ಲಮೆಲ್ಲನೆ ರಕ್ತಕ್ಕೆ ಸೇರುತ್ತದೆ. ಸಕ್ಕರೆಯ ಮಟ್ಟ ಇಳಿಯುತ್ತ ಹೋಗಿ ಸಾಮಾನ್ಯವಾಗಿ ನಾಲ್ಕರಿಂದ ಎಂಟು ಗಂಟೆಗಳ ನಡುವೆ ತಳ ಮುಟ್ಟುತ್ತದೆ. ಅಲ್ಲಿಂದ ಔಷಧದ ಬಲ ಕುಗ್ಗಿ, ಸಕ್ಕರೆ ಮತ್ತೆ ಏರುತ್ತದೆ. ಹನ್ನೆರಡನೆಯ ಗಂಟೆಯ ಹೊತ್ತಿಗೆ ಮುಂದಿನ ಚುಚ್ಚುಮದ್ದಿನ ಅಗತ್ಯ ಒದಗುತ್ತದೆ. ಈ ಇಳಿವು ಏರುಗಳು ದಿನವೂ ಒಂದೇ ತೆರನಾಗಿದ್ದರೆ ಮಾತ್ರ ಕೊಡುತ್ತಿರುವ ಪ್ರಮಾಣ ಸರಿಯೋ ತಪ್ಪೋ ಎಂದು ವೈದ್ಯರು ಹೇಳಬಲ್ಲರು. ಹೊತ್ತು ದಿನಕ್ಕೊಂದು ರೀತಿಯಾದರೆ ಪರೀಕ್ಷೆಯ ಅಂಕಿಗಳಿಗೆ ಅರ್ಥವೇ ಉಳಿಯುವುದಿಲ್ಲ. ಸಕ್ಕರೆ ಏರಿದ್ದು ಔಷಧ ಸಾಲದೆಯೋ, ತಡವಾದುದರಿಂದಲೋ ಎಂದು ತಿಳಿಯದೆ ಪ್ರಮಾಣವನ್ನು ಹೆಚ್ಚಿಸಿದರೆ ಅದೇ ಅಪಾಯಕ್ಕೆ ದಾರಿ.

ಒಂದು ಉದಾಹರಣೆಯನ್ನು ನೋಡೋಣ. ಒಂದು ಮನೆಯಲ್ಲಿ ಬೆಳಗ್ಗೆ 6ಕ್ಕೆ, ಸಂಜೆ 6ಕ್ಕೆ ಔಷಧ ಕೊಡುವ ವಾಡಿಕೆ ಇದೆ. ಒಂದು ದಿನ ಮದುವೆಗೆ ಹೋದವರು ರಾತ್ರಿ 9ಕ್ಕೆ ಬಂದು ಔಷಧ ಚುಚ್ಚಿದರು. ಮರುದಿನ ಎಂದಿನಂತೆ ಬೆಳಗ್ಗೆ 6ಕ್ಕೆ ಮತ್ತೆ ಚುಚ್ಚಿದರು. ಲೆಕ್ಕ ಹಾಕಿದರೆ, ಮೊದಲ ಅಂತರ 15 ಗಂಟೆ. ಅದರ ಕೊನೆಯ ಮೂರು ಗಂಟೆ ಬೆಕ್ಕಿಗೆ ಔಷಧದ ಆಸರೆ ಇರಲಿಲ್ಲ, ಸಕ್ಕರೆ ಏರಿತು. ಎರಡನೆಯ ಅಂತರ 9 ಗಂಟೆ ಮಾತ್ರ. ರಾತ್ರಿಯ ಔಷಧ ಇನ್ನೂ ಕೆಲಸ ಮಾಡುತ್ತಿರುವಾಗಲೇ ಬೆಳಗಿನದು ಅದರ ಮೇಲೆ ಬಂದು ಸೇರಿತು. ಎರಡೂ ಒಟ್ಟಾಗಿ ಎಳೆದಾಗ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮನೆಯವರ ದೃಷ್ಟಿಯಲ್ಲಿ ಪ್ರಮಾಣ ತಪ್ಪಿರಲಿಲ್ಲ. ತಪ್ಪಿದ್ದು ಹೊತ್ತು.

ಹೊತ್ತನ್ನು ಗೊತ್ತುಮಾಡಿಕೊಳ್ಳುವುದು

ಮೊದಲ ದಿನವೇ ಮನೆಯವರೆಲ್ಲ ಕುಳಿತು, ವರ್ಷದ ಎಲ್ಲ ದಿನಗಳಲ್ಲಿಯೂ ಪಾಲಿಸಲು ಸಾಧ್ಯವಾದ ಹೊತ್ತನ್ನು ಆರಿಸಿಕೊಳ್ಳಬೇಕು. ಹೊಲಕ್ಕೆ ಹೋಗುವವರ ಮನೆಗೆ ಬೆಳಗ್ಗೆ 6, ಸಂಜೆ 6 ಹೊಂದಬಹುದು; ಕಚೇರಿಗೆ ಹೋಗುವವರಿಗೆ 7 ಅಥವಾ 8 ಹೊಂದಬಹುದು. ಬೆಳಗಿನ ಮತ್ತು ಸಂಜೆಯ ಪೂಜೆಯಂತೆ ಮನೆಯಲ್ಲಿ ಈಗಾಗಲೇ ನೆಲೆಗೊಂಡ ಯಾವುದಾದರೂ ನಿತ್ಯಕರ್ಮಕ್ಕೆ ಇದನ್ನು ಜೋಡಿಸಿಕೊಂಡರೆ ಮರೆಯುವ ಭಯವಿಲ್ಲ. ಮೊಬೈಲಿನಲ್ಲಿ ಎರಡು ಅಲಾರಂ ಇಟ್ಟುಕೊಳ್ಳುವುದೂ ಒಳ್ಳೆಯದು.

ನಮ್ಮ ಊರುಗಳಲ್ಲಿ ಬೆಕ್ಕುಗಳು ಅಟ್ಟ, ಹಿತ್ತಲು, ನೆರೆಮನೆಯ ಮಾಳಿಗೆ ಎಂದು ಅಲೆಯುವುದು ಸಹಜ. ಸೂಜಿಯ ಹೊತ್ತಿಗೆ ಬೆಕ್ಕೇ ಇಲ್ಲದಿದ್ದರೆ ನಿಯಮ ಉಳಿಯುವುದಾದರೂ ಹೇಗೆ? ಇದಕ್ಕೆ ಸುಲಭವಾದ ಉಪಾಯವೆಂದರೆ ಮುಖ್ಯ ಊಟವನ್ನು ಆ ಎರಡು ಹೊತ್ತಿನಲ್ಲಿಯೇ ಹಾಕುವುದು. ಕೆಲವೇ ದಿನಗಳಲ್ಲಿ ಬೆಕ್ಕು ತಟ್ಟೆಯ ಸಪ್ಪಳ ಕೇಳಲು ತಾನಾಗಿ ಬಂದು ನಿಲ್ಲುತ್ತದೆ. ಆದರೂ ಚಿಕಿತ್ಸೆಯಲ್ಲಿರುವ ಬೆಕ್ಕನ್ನು ಸಾಧ್ಯವಾದಷ್ಟು ಮನೆಯೊಳಗೇ ಇರಿಸಿಕೊಳ್ಳುವುದು ಕ್ಷೇಮ. ಹೊರಗೆ ಎಲ್ಲಿಯೋ ಸಕ್ಕರೆ ಕುಸಿದು ಬಿದ್ದರೆ ನೋಡುವವರು ಇರುವುದಿಲ್ಲ.

ಮುಂದೆ ಹೊತ್ತನ್ನು ಬದಲಿಸಲೇಬೇಕಾದಾಗ ಒಮ್ಮೆಲೇ ಜಿಗಿಯಬಾರದು. ಪ್ರತಿ ಚುಚ್ಚುಮದ್ದನ್ನು 15 ನಿಮಿಷದಷ್ಟು ಹಿಂದಕ್ಕೋ ಮುಂದಕ್ಕೋ ಸರಿಸುತ್ತ ಹೋದರೆ ನಾಲ್ಕು ಸರದಿಗಳಲ್ಲಿ, ಅಂದರೆ ಎರಡು ದಿನಗಳಲ್ಲಿ, ಒಂದು ಗಂಟೆಯ ಬದಲಾವಣೆ ಸುಸೂತ್ರವಾಗಿ ಮುಗಿಯುತ್ತದೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಅಲ್ಲಿ ಮಾರ್ಚ್ ತಿಂಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ನವೆಂಬರಿನಲ್ಲಿ ಹಿಂದಕ್ಕೂ ತಿರುಗಿಸುತ್ತಾರೆ. ಬೆಕ್ಕಿನ ದೇಹಕ್ಕೆ ಸರಕಾರದ ಗಡಿಯಾರ ತಿಳಿಯದು.

ಹೊತ್ತು ತಪ್ಪಿದರೆ

ಎಷ್ಟೇ ಎಚ್ಚರವಿದ್ದರೂ ಸಂಸಾರದಲ್ಲಿ ಹೊತ್ತು ತಪ್ಪುವ ಪ್ರಸಂಗ ಬಂದೇ ಬರುತ್ತದೆ. ಆಗ ಗಾಬರಿಪಡದೆ ಈ ಕ್ರಮವನ್ನು ನೆನೆಯಬೇಕು.

ಅರ್ಧ ಗಂಟೆ, ಒಂದು ಗಂಟೆ ಅಪರೂಪಕ್ಕೊಮ್ಮೆ ಹಿಂದು ಮುಂದಾದರೆ ಚಿಂತೆಯಿಲ್ಲ. ಔಷಧ ಕೊಟ್ಟು, ಮುಂದಿನದನ್ನು ಎಂದಿನ ಹೊತ್ತಿಗೇ ಕೊಡಬಹುದು.

ಅದಕ್ಕಿಂತ ಹೆಚ್ಚು ತಡವಾದರೆ ವೈದ್ಯರಿಗೆ ದೂರವಾಣಿ ಮಾಡಿ ಕೇಳಬೇಕು. ಅವರು ದೊರೆಯದಿದ್ದರೆ ಆ ಒಂದು ಸರದಿಯನ್ನು ಬಿಟ್ಟು, ಮುಂದಿನದನ್ನು ಅದರ ಹೊತ್ತಿಗೆ, ಎಂದಿನ ಪ್ರಮಾಣದಲ್ಲಿಯೇ ಕೊಡುವುದು ಕ್ಷೇಮದ ದಾರಿ.

ಬಿಟ್ಟುಹೋದದ್ದನ್ನು ತುಂಬಿಕೊಳ್ಳಲು ಮುಂದಿನ ಬಾರಿ ಎರಡು ಪಟ್ಟು ಕೊಡುವುದು ಎಂದಿಗೂ ಸಲ್ಲದು.

ಚುಚ್ಚುವಾಗ ಬೆಕ್ಕು ಕೊಸರಿಕೊಂಡು ಔಷಧ ಅರ್ಧ ಹೊರಗೆ ಚೆಲ್ಲಿತೋ, ಕೂದಲಿಗೇ ಹೋಯಿತೋ ಎಂಬ ಅನುಮಾನ ಬಂದರೆ ಮತ್ತೆ ಚುಚ್ಚಬಾರದು. ಒಳಗೆ ಎಷ್ಟು ಹೋಗಿದೆ ಎಂದು ತಿಳಿಯದಿರುವಾಗ ಇನ್ನೊಮ್ಮೆ ಕೊಡುವುದು ಅಪಾಯ. ಮುಂದಿನ ಸರದಿಯವರೆಗೆ ಕಾಯಬೇಕು.

ಈ ಎಲ್ಲ ನಿಯಮಗಳ ಹಿಂದಿರುವ ಕಾರಣ ಒಂದೇ. ಒಂದು ಹೊತ್ತು ಏರಿದ ಸಕ್ಕರೆಯನ್ನು ಬೆಕ್ಕು ತಾಳಿಕೊಳ್ಳುತ್ತದೆ: ಹೆಚ್ಚು ನೀರು ಕುಡಿದೀತು, ಹೆಚ್ಚು ಮೂತ್ರ ಮಾಡೀತು, ಅಷ್ಟೆ. ಆದರೆ ಕುಸಿದ ಸಕ್ಕರೆಯನ್ನು ಮಿದುಳು ತಾಳಿಕೊಳ್ಳದು; ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಆದುದರಿಂದ ಸಂದೇಹ ಬಂದಾಗ ಬಿಡುವುದೇ ಮೇಲು.

ಹಾಗೆಂದು ಬಿಡುವುದನ್ನೇ ಅಭ್ಯಾಸ ಮಾಡಿಕೊಳ್ಳಬಾರದು. ದಿನಗಟ್ಟಲೆ ಔಷಧವಿಲ್ಲದಿದ್ದರೆ ದೇಹವು ಕೊಬ್ಬನ್ನು ಒಡೆದು ಉರಿಸತೊಡಗಿ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲೀಯ ವಸ್ತುಗಳು ಕೂಡುತ್ತವೆ. ಬೆಕ್ಕು ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಮೈ ಬತ್ತುತ್ತದೆ, ಮಂಕಾಗುತ್ತದೆ. ಇದು ಆಸ್ಪತ್ರೆಗೆ ಧಾವಿಸಬೇಕಾದ ಸ್ಥಿತಿ.

ಊಟ ಮೊದಲು, ಸೂಜಿ ಆಮೇಲೆ

ಸೂಜಿ ಹಿಡಿಯುವ ಮುನ್ನ ಬೆಕ್ಕು ಎಂದಿನಂತೆ ಉಂಡಿದೆಯೇ ಎಂದು ನೋಡಬೇಕು. ತಟ್ಟೆಯನ್ನು ಮುಟ್ಟದಿದ್ದರೆ, ಉಂಡದ್ದನ್ನು ವಾಂತಿ ಮಾಡಿದ್ದರೆ, ಅಥವಾ ಅಸಹಜವಾಗಿ ಮಂಕಾಗಿದ್ದರೆ ವೈದ್ಯರನ್ನು ಕೇಳದೆ ಪೂರ್ತಿ ಪ್ರಮಾಣದ ಔಷಧ ಕೊಡಬಾರದು. ಒಳಗೆ ಆಹಾರವಿಲ್ಲದೆ ಇನ್ಸುಲಿನ್ ಮಾತ್ರ ಕೆಲಸ ಮಾಡಿದರೆ ಸಕ್ಕರೆ ಕುಸಿಯುತ್ತದೆ. ಉಣ್ಣದಿರುವುದು ಬೇರೊಂದು ರೋಗದ ಸೂಚನೆಯೂ ಆಗಿರಬಹುದು.

ಮನೆಯವರು ಶಿವರಾತ್ರಿಯಂದು ಉಪವಾಸ ಮಾಡಬಹುದು, ಬೆಕ್ಕಿಗೆ ಉಪವಾಸವಿಲ್ಲ. ದಪ್ಪ ಬೆಕ್ಕನ್ನು ಸಣ್ಣಗಾಗಿಸುವ ಆತುರದಲ್ಲಿ ಹಸಿವಿನಿಂದಿರಿಸುವುದೂ ತಪ್ಪು. ಉಪವಾಸ ಬಿದ್ದ ದಪ್ಪ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಾಪಾಯವಾಗುತ್ತದೆ. ತೂಕ ಇಳಿಯಬೇಕಾದುದು ವೈದ್ಯರ ಸಲಹೆಯಂತೆ, ವಾರಕ್ಕೆ ನೂರಕ್ಕೆ ಒಂದರಷ್ಟು, ಹೆಚ್ಚೆಂದರೆ ಎರಡರಷ್ಟು ಮಾತ್ರ.

ಸಸ್ಯಾಹಾರಿ ಮನೆ ಮತ್ತು ಬೆಕ್ಕಿನ ಆಹಾರ

ನಮ್ಮ ಭಕ್ತರಲ್ಲಿ ಬಹುಪಾಲು ಮನೆಗಳು ಸಸ್ಯಾಹಾರದವು. ಅಲ್ಲಿನ ಬೆಕ್ಕಿಗೆ ಹಾಲು ಅನ್ನವೇ ಊಟ. ಇಲಿ ಹಿಡಿದು ತಿನ್ನುವ ಬೆಕ್ಕಿಗೆ ಅದು ಹೇಗೋ ಸಾಗುತ್ತಿತ್ತು. ಮನೆಯೊಳಗೇ ಇರುವ ಮಧುಮೇಹಿ ಬೆಕ್ಕಿಗೆ ಅದು ಸಾಗದು. ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ.

ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ. ಅದರ ಎಂಜಲಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವಿಲ್ಲ. ಏರಿದ ಸಕ್ಕರೆಯನ್ನು ಬೇಗನೆ ಒಳಗೆಳೆದುಕೊಳ್ಳುವ ಸಾಮರ್ಥ್ಯವೂ ಅದರ ಯಕೃತ್ತಿಗೆ ಕಡಿಮೆ. ಅನ್ನದ ಪಿಷ್ಟವೂ ಹಾಲಿನ ಸಕ್ಕರೆಯೂ ಸೇರಿ ಇನ್ಸುಲಿನ್ನಿನ ಕೆಲಸವನ್ನು ಕಷ್ಟಕ್ಕೀಡುಮಾಡುತ್ತವೆ. ಜೊತೆಗೆ ಟಾರಿನ್ ಎಂಬ ಪೋಷಕಾಂಶ ಬೆಕ್ಕಿಗೆ ಅತ್ಯಗತ್ಯ. ಅದು ಸಹಜವಾಗಿ ದೊರೆಯುವುದು ಪ್ರಾಣಿಜನ್ಯ ಆಹಾರದಲ್ಲಿ. ಅದರ ಕೊರತೆಯಿಂದ ಬೆಕ್ಕಿನ ಕಣ್ಣು ಹೋಗುತ್ತದೆ. ಹೃದಯ ಹಿಗ್ಗಿ ದುರ್ಬಲವಾಗುವುದಕ್ಕೂ ಅದೇ ಕಾರಣವೆಂದು 1987ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು.

ಹಾಗಾದರೆ ಸಸ್ಯಾಹಾರಿ ಗೃಹಸ್ಥರು ಏನು ಮಾಡಬೇಕು? ಬೆಕ್ಕಿಗೆಂದೇ ತಯಾರಿಸಿದ, ಪೊಟ್ಟಣದಲ್ಲಿ ಬರುವ ಆಹಾರ ಪೇಟೆಯಲ್ಲಿ ದೊರೆಯುತ್ತದೆ. ಅದನ್ನು ಬೇಯಿಸುವ ಅಗತ್ಯವಿಲ್ಲ, ಅಡುಗೆಮನೆಗೆ ತರುವ ಅಗತ್ಯವೂ ಇಲ್ಲ. ಹಿತ್ತಲಿನಲ್ಲಿಯೋ ಪಡಸಾಲೆಯ ಮೂಲೆಯಲ್ಲಿಯೋ ಪ್ರತ್ಯೇಕ ತಟ್ಟೆ, ಪ್ರತ್ಯೇಕ ಚಮಚ ಇರಿಸಿಕೊಂಡು ಅಲ್ಲಿಯೇ ಹಾಕಬಹುದು. ಒಣ ಕಾಳಿನಂತಹ ಆಹಾರದಲ್ಲಿ ಪಿಷ್ಟ ಸಾಮಾನ್ಯವಾಗಿ ಹೆಚ್ಚು. ತೇವವಿರುವ ಆಹಾರದಲ್ಲಿ ಕಡಿಮೆ. ಮಧುಮೇಹಕ್ಕೆ ಎರಡನೆಯದೇ ಲೇಸು. ಮನುಷ್ಯನ ವ್ರತ ಮನುಷ್ಯನದು, ಬೆಕ್ಕಿನ ಪ್ರಕೃತಿ ಬೆಕ್ಕಿನದು ಎಂದು ತಿಳಿದು ನಡೆದರೆ ಎರಡಕ್ಕೂ ಭಂಗವಿಲ್ಲ.

ಆದರೆ ಆಹಾರವನ್ನು ಇದ್ದಕ್ಕಿದ್ದಂತೆ ಬದಲಿಸಬಾರದು. ಪಿಷ್ಟ ಕಡಿಮೆಯಾದೊಡನೆ ಇನ್ಸುಲಿನ್ನಿನ ಅಗತ್ಯವೂ ಕಡಿಮೆಯಾಗುತ್ತದೆ. ಹಳೆಯ ಪ್ರಮಾಣದ ಔಷಧವನ್ನೇ ಮುಂದುವರಿಸಿದರೆ ಸಕ್ಕರೆ ಕುಸಿಯುತ್ತದೆ. ವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಮೆಲ್ಲನೆ ಬದಲಿಸಬೇಕು. ಹಬ್ಬದ ಪಾಯಸ, ಪೇಢೆಗಳನ್ನು ಪ್ರೀತಿಯಿಂದ ನೆಕ್ಕಿಸುವ ಅಭ್ಯಾಸವನ್ನಂತೂ ಬಿಡಬೇಕು.

ಸಿರಿಂಜು, ಬಾಟಲಿ ಮತ್ತು ಬೇಸಿಗೆ

ನಮ್ಮ ದೇಶದ ಔಷಧದ ಅಂಗಡಿಗಳಲ್ಲಿ ಎರಡು ಬಗೆಯ ಇನ್ಸುಲಿನ್ ಇವೆ. ಒಂದರಲ್ಲಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. ಸಿರಿಂಜುಗಳೂ ಅದಕ್ಕೆ ತಕ್ಕಂತೆ ಎರಡು ಬಗೆ: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಬೆಕ್ಕಿಗೆ ಕೊಡುವುದು ಸಾಮಾನ್ಯವಾಗಿ ಒಂದೆರಡು ಯೂನಿಟ್ ಮಾತ್ರ. 100ರ ಔಷಧವನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 2ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 5 ಯೂನಿಟ್, ಅಂದರೆ ಎರಡೂವರೆ ಪಟ್ಟು. ಅದು ಚಿಕ್ಕ ದೇಹಕ್ಕೆ ಮಾರಕವಾಗಬಹುದು. ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡೂ ಒಂದೇ ಎಂದು ಪ್ರತಿ ಖರೀದಿಯಲ್ಲಿಯೂ ನೋಡಬೇಕು. ಮನೆಯ ಹಿರಿಯರೂ ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಬೆಕ್ಕಿನ ಸಾಮಗ್ರಿಯನ್ನು ಬೇರೆಯೇ ಡಬ್ಬಿಯಲ್ಲಿ ಹೆಸರು ಬರೆದು ಇಡಬೇಕು.

ಚುಚ್ಚುವುದು ಕಷ್ಟದ ಕೆಲಸವಲ್ಲ. ಪಕ್ಕೆಯ ಅಥವಾ ಹೆಗಲಿನ ಬಳಿಯ ಸಡಿಲ ಚರ್ಮವನ್ನು ಬೆರಳುಗಳಿಂದ ಎತ್ತಿ, ಅದರ ಬುಡದಲ್ಲಿ ಸೂಜಿ ತೂರಿಸಿ, ಮೆಲ್ಲನೆ ಔಷಧವನ್ನು ಬಿಡಬೇಕು. ದಿನವೂ ಜಾಗವನ್ನು ಸ್ವಲ್ಪ ಬದಲಿಸಬೇಕು. ಸೂಜಿ ಬಹಳ ಸಣ್ಣದಾದುದರಿಂದ ಊಟದಲ್ಲಿ ತೊಡಗಿದ ಅನೇಕ ಬೆಕ್ಕುಗಳು ತಲೆಯನ್ನೂ ಎತ್ತುವುದಿಲ್ಲ. ಮೊದಲ ಬಾರಿ ವೈದ್ಯರ ಎದುರಿನಲ್ಲಿಯೇ ಮಾಡಿ ಕಲಿಯಬೇಕು. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಸಿ ಆಸ್ಪತ್ರೆಗೆ ಒಪ್ಪಿಸಬೇಕು. ಕಸದ ಜೊತೆ ಎಸೆದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಔಷಧವನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಇರಿಸಬೇಕು. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು; ಮಂಜುಗಡ್ಡೆಯ ಖಾನೆಗೆ ತಗಲದಂತೆ ನೋಡಿಕೊಳ್ಳಬೇಕು. ರಾಯಚೂರು, ಕಲಬುರಗಿಯ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ವಿದ್ಯುತ್ ಬಹಳ ಹೊತ್ತು ಇಲ್ಲದಿದ್ದಾಗ ಬಾಟಲಿಯನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯೊಳಗೆ, ನೆರಳಿನಲ್ಲಿ ಇಟ್ಟರೆ ತಂಪಾಗಿರುತ್ತದೆ. ತಿಳಿಯಾಗಿರಬೇಕಾದ ಗ್ಲಾರ್ಜಿನ್ ಮಸುಕಾಗಿ ಕಂಡರೆ ಬಳಸಬಾರದು.

ಸಕ್ಕರೆ ಕುಸಿದಾಗ

ಇದು ಮನೆಯ ಪ್ರತಿಯೊಬ್ಬರೂ ಬಾಯಿಪಾಠ ಮಾಡಿಕೊಳ್ಳಬೇಕಾದ ಭಾಗ. ರಕ್ತದ ಸಕ್ಕರೆ ಡೆಸಿಲೀಟರಿಗೆ 60 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಅಪಾಯದ ಹಂತ. ಬೆಕ್ಕು ನಿತ್ರಾಣವಾಗುತ್ತದೆ, ಕುಡಿದವರಂತೆ ತೂರಾಡುತ್ತದೆ, ನಡುಗುತ್ತದೆ, ಕರೆದರೆ ತಿರುಗುವುದಿಲ್ಲ. ಕೆಲವು ಬೆಕ್ಕುಗಳು ಇದ್ದಕ್ಕಿದ್ದಂತೆ ಊಟಕ್ಕಾಗಿ ಹಾತೊರೆಯುತ್ತವೆ. ಕೊನೆಗೆ ಸೆಳೆತ ಬಂದು ಪ್ರಜ್ಞೆ ತಪ್ಪುತ್ತದೆ.

ಎಚ್ಚರವಿದ್ದು ನುಂಗಬಲ್ಲ ಬೆಕ್ಕಿಗೆ ಒಡನೆಯೇ ಊಟ ಹಾಕಬೇಕು. ಉಣ್ಣದಿದ್ದರೆ ಜೇನುತುಪ್ಪವನ್ನೋ ಗ್ಲೂಕೋಸ್ ಪುಡಿಯ ಪಾಕವನ್ನೋ ಬೆರಳಿನಿಂದ ವಸಡಿಗೆ ಸವರಬೇಕು. ಪ್ರಜ್ಞೆ ತಪ್ಪಿದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬಾರದು. ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಸೆಳೆತದಲ್ಲಿರುವಾಗ ಬಾಯೊಳಗೆ ಬೆರಳಿಡಲೂಬಾರದು. ವಸಡಿಗೆ ತುಸು ಸವರಲು ಸಾಧ್ಯವಾದರೆ ಸವರಿ, ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಚೇತರಿಸಿಕೊಂಡರೂ ವೈದ್ಯರನ್ನು ಕೇಳದೆ ಮುಂದಿನ ಇನ್ಸುಲಿನ್ ಕೊಡಬಾರದು. ಇನ್ಸುಲಿನ್ ಇರುವ ಮನೆಯಲ್ಲಿ ಜೇನುತುಪ್ಪದ ಸೀಸೆ ಸದಾ ಕೈಗೆ ಸಿಗುವಂತಿರಲಿ.

ರಕ್ತಪರೀಕ್ಷೆ ಮತ್ತು ದಿನಚರಿ

ಬೆಕ್ಕಿನ ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಮನೆಯಲ್ಲಿಯೇ ಸಕ್ಕರೆಯನ್ನು ಅಳೆಯಬಹುದು. ಮನುಷ್ಯರಿಗೆಂದು ಮಾಡಿದ ಗ್ಲೂಕೋಮೀಟರ್ ಬೆಕ್ಕಿನ ರಕ್ತದಲ್ಲಿ ನಿಜವಾದುದಕ್ಕಿಂತ ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ. ಯಾವ ಉಪಕರಣದಿಂದ ಅಳೆದದ್ದೆಂದು ವೈದ್ಯರಿಗೆ ತಿಳಿಸಿದರೆ ಅವರು ಅದಕ್ಕೆ ತಕ್ಕಂತೆ ಅರ್ಥೈಸುತ್ತಾರೆ. ಕೆಲವೊಮ್ಮೆ ಇಡೀ 12 ಗಂಟೆ, ಎರಡು ಗಂಟೆಗೊಮ್ಮೆ ಅಳೆದು ಏರಿಳಿತದ ನಕ್ಷೆ ಮಾಡಲು ಅವರು ಹೇಳಬಹುದು. ಅಂಕಿಗಳನ್ನು ನೋಡಿ ಪ್ರಮಾಣವನ್ನು ಬದಲಿಸುವುದು ವೈದ್ಯರ ಕೆಲಸ.

ಫ್ರಿಜ್ಜಿನ ಬಾಗಿಲಿಗೆ ಒಂದು ತಿಂಗಳ ಕ್ಯಾಲೆಂಡರ್ ತೂಗುಹಾಕಿ, ಔಷಧ ಕೊಟ್ಟೊಡನೆ ಗಂಟೆ, ಪ್ರಮಾಣ, ಕೊಟ್ಟವರ ಹೆಸರು ಈ ಮೂರನ್ನು ಬರೆಯಬೇಕು. ಕೂಡು ಕುಟುಂಬದಲ್ಲಿ ಅತ್ತೆಯವರು ಕೊಟ್ಟದ್ದನ್ನು ಅರಿಯದೆ ಸೊಸೆ ಇನ್ನೊಮ್ಮೆ ಕೊಟ್ಟರೆ ಆಗುವ ಅನಾಹುತವನ್ನು ಒಂದು ಗೆರೆ ಬರಹ ತಪ್ಪಿಸುತ್ತದೆ. ಬರೆದಿಲ್ಲವಾದರೆ, ವಿಚಾರಿಸದೆ ಕೊಡಬಾರದು. ಜಾತ್ರೆಗೋ ಯಾತ್ರೆಗೋ ಹೊರಡುವ ಮುನ್ನ ನೆರೆಯವರೊಬ್ಬರಿಗಾದರೂ ಈ ಕೆಲಸವನ್ನು ಕಲಿಸಿರಬೇಕು. ಮನೆಯಲ್ಲಿ ಇಬ್ಬರಿಗೆ ಬಾರದ ಚಿಕಿತ್ಸೆ ನೆಚ್ಚತಕ್ಕದ್ದಲ್ಲ.

ರೋಗ ಹಿಂದೆ ಸರಿಯುವ ಭರವಸೆ

ಇಷ್ಟೆಲ್ಲ ಶ್ರಮಕ್ಕೆ ಫಲವುಂಟೇ ಎಂದು ಕೇಳುವವರಿಗೆ ಸಮಾಧಾನದ ಮಾತೊಂದಿದೆ. ಬೇಗನೆ ಚಿಕಿತ್ಸೆ ಆರಂಭವಾಗಿ, ಸಕ್ಕರೆ ಹತೋಟಿಗೆ ಬಂದರೆ, ದಣಿದಿದ್ದ ಗ್ರಂಥಿಯು ಚೇತರಿಸಿಕೊಂಡು ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನಿನ ಅಗತ್ಯವೇ ಇಲ್ಲವಾಗುತ್ತದೆ. 2009ರಲ್ಲಿ ಪ್ರಕಟವಾದ, 55 ಬೆಕ್ಕುಗಳ ಒಂದು ಅಧ್ಯಯನದಲ್ಲಿ, ರೋಗ ತಿಳಿದ ಆರು ತಿಂಗಳೊಳಗೆ ಗ್ಲಾರ್ಜಿನ್ ಮತ್ತು ಮನೆಯ ರಕ್ತಪರೀಕ್ಷೆಯ ಕಟ್ಟುನಿಟ್ಟಾದ ಕ್ರಮಕ್ಕೆ ಬಂದ ಬೆಕ್ಕುಗಳಲ್ಲಿ ನೂರಕ್ಕೆ 84ರಷ್ಟು ಇನ್ಸುಲಿನ್ ಬಿಡುವಂತಾದವು. ತಡವಾಗಿ ಬಂದವುಗಳಲ್ಲಿ ಅದು ನೂರಕ್ಕೆ 35 ಮಾತ್ರ. ಎಲ್ಲ ಬೆಕ್ಕುಗಳಿಗೂ ಇಂಥ ಫಲ ದೊರೆಯುವುದೆಂದು ಭಾವಿಸಬಾರದು. ಆದರೆ ತಡಮಾಡಿದಷ್ಟೂ ನಷ್ಟ ಎಂಬುದು ಇದರಿಂದ ಸ್ಪಷ್ಟ.

ಗ್ರಂಥಿಯು ಚೇತರಿಸಿಕೊಳ್ಳುವ ಕಾಲದಲ್ಲಿಯೇ ಸಕ್ಕರೆ ಕುಸಿಯುವ ಭಯ ಹೆಚ್ಚು. ಒಳಗಿನ ಇನ್ಸುಲಿನ್ನಿಗೆ ಹೊರಗಿನದೂ ಸೇರುತ್ತದೆ. ಆಗ ಪರೀಕ್ಷೆಯನ್ನು ಕಡಿಮೆ ಮಾಡದೆ ಹೆಚ್ಚಿಸಬೇಕು. ರೋಗ ಹಿಂದೆ ಸರಿದ ಮೇಲೂ ಮರಳಿ ಬರಬಹುದಾದುದರಿಂದ ಆಹಾರದ ನಿಯಮವನ್ನು ಬಿಡಬಾರದು.

ನೆನಪಿಡಬೇಕಾದ ಅಂಶಗಳು

1. ದಿನಕ್ಕೆ ಎರಡು ಬಾರಿ, 12 ಗಂಟೆಗಳ ಅಂತರದಲ್ಲಿ, ವರ್ಷವಿಡೀ ಒಂದೇ ಹೊತ್ತು.
2. ಮೊದಲು ಊಟ, ಆಮೇಲೆ ಸೂಜಿ. ಉಣ್ಣದ ಬೆಕ್ಕಿಗೆ ವೈದ್ಯರನ್ನು ಕೇಳದೆ ಔಷಧವಿಲ್ಲ.
3. ಬಹಳ ತಡವಾದರೆ ಆ ಸರದಿಯನ್ನು ಬಿಡಬೇಕು. ಎರಡು ಪಟ್ಟು ಎಂದಿಗೂ ಕೂಡದು.
4. ಬಾಟಲಿಯ ಅಂಕಿ, ಸಿರಿಂಜಿನ ಅಂಕಿ ಒಂದೇ ಆಗಿರಬೇಕು.
5. ತೂರಾಟ, ನಡುಕ, ಸೆಳೆತ ಕಂಡರೆ ಜೇನುತುಪ್ಪ, ಮತ್ತು ಕೂಡಲೇ ಆಸ್ಪತ್ರೆ.
6. ಕೊಟ್ಟೊಡನೆ ಬರೆಯಬೇಕು. ಬರೆಯದಿದ್ದರೆ ವಿಚಾರಿಸದೆ ಕೊಡಬಾರದು.

ಬೆಕ್ಕಿಗೆ ತನ್ನ ನೋವನ್ನು ಹೇಳಿಕೊಳ್ಳಲು ಬಾಯಿಲ್ಲ, ಔಷಧದ ಹೊತ್ತಾಯಿತೆಂದು ನೆನಪಿಸಲು ಮಾತಿಲ್ಲ. ನಮ್ಮನ್ನು ನಂಬಿ ಮನೆ ಸೇರಿದ ಜೀವಕ್ಕೆ ಬೆಳಗಿನ ಐದು ನಿಮಿಷ, ಸಂಜೆಯ ಐದು ನಿಮಿಷ ಮೀಸಲಿಡುವುದು ದೊಡ್ಡ ತ್ಯಾಗವೇನೂ ಅಲ್ಲ. ಆದರೆ ಆ ಐದು ನಿಮಿಷ ಪ್ರತಿದಿನವೂ ಅದೇ ಹೊತ್ತಿಗೆ ಬರಬೇಕು. ಭಕ್ತರ ಮನೆಗಳಲ್ಲಿ ಇಂಥ ಬೆಕ್ಕುಗಳಿದ್ದರೆ ಇಂದೇ ಪಶುವೈದ್ಯರನ್ನು ಕಂಡು, ನಾಳೆಯ ಬೆಳಗಿನಿಂದಲೇ ಈ ನಿಯಮವನ್ನು ಆರಂಭಿಸಲೆಂದು ಹಾರೈಸುತ್ತೇವೆ.